ಸೋಸುಬಟ್ಟೆಯ ಮೇಲೆ ಉಳಿದದ್ದು



ದತ್ತಿ ಉಪನ್ಯಾಸವೆಂದರೆ ವಿಷಯವು ವೇದಿಕೆಗೆ ತಕ್ಕಷ್ಟು ದೊಡ್ಡದಾಗಿರಬೇಕೆಂಬ ವಾಡಿಕೆ ನಮ್ಮಲ್ಲುಂಟು. ಆ ವಾಡಿಕೆಯನ್ನು ಮುರಿದು, ಗಸಗಸೆಯ ಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಪ್ರಾಣಿಯನ್ನು ತಮ್ಮ ಮುಂದಿಡಲು ಹೊರಟಿರುವ ನನ್ನ ಧಾರ್ಷ್ಟ್ಯವನ್ನು ಸಭೆಯು ಮನ್ನಿಸಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಮುಂದಿಡುವೆನೆಂದದ್ದು ಅಲಂಕಾರಕ್ಕಾಗಿ ಆಡಿದ ಮಾತಲ್ಲ. ಈ ಮೇಜಿನ ಮೇಲೆ ಉಪ್ಪಿನಕಾಯಿಯ ಗಾಜಿನ ಭರಣಿಯೊಂದಿದೆ. ಅದರಲ್ಲಿರುವುದು ಈ ಹೊತ್ತು ಬೆಳಗ್ಗೆ ಊರ ಕೆರೆಯಲ್ಲಿ, ತೂಬಿನ ಬಳಿ ಜೊಂಡು ಬೆಳೆದಿರುವ ಎಡೆಯಿಂದ ತುಂಬಿ ತಂದ ನೀರು. ಅದನ್ನು ದೀಪಕ್ಕೆ ಎದುರಾಗಿ ಹಿಡಿದರೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಅವು ಧೂಳಿನ ಕಣಗಳಂತೆ ತೇಲುತ್ತ ಇಳಿಯುವುದಿಲ್ಲ, ಒಮ್ಮೆ ಜಿಗಿದು ಒಂದು ಕ್ಷಣ ನಿಂತು ಮತ್ತೆ ಜಿಗಿಯುತ್ತವೆ. ಭೂತಗನ್ನಡಿಯ ಕೆಳಗೆ ಆ ಚುಕ್ಕೆಯೇ ಒಂದು ಆಕಾರವಾಗುತ್ತದೆ: ಮುಂದೆ ದಪ್ಪನಾಗಿ ಹಿಂದೆ ಸಣ್ಣಗಾಗುತ್ತ ಹೋಗುವ ಪಾರಕ ದೇಹ, ತಲೆಯ ಇಕ್ಕೆಲಕ್ಕೆ ಚಾಚಿದ ಕುಡಿಮೀಸೆ, ತುದಿಯಲ್ಲಿ ಕವಲೊಡೆದ ಬಾಲ, ಹಣೆಯ ನಟ್ಟನಡುವೆ ಕೆಂಪಗೆ ಒಂದೇ ಒಂದು ಕಣ್ಣು, ಹೆಣ್ಣಾಗಿದ್ದರೆ, ಕಾವಡಿ ಹೊತ್ತವನ ಎರಡು ಬುಟ್ಟಿಗಳಂತೆ, ಬಾಲದ ಎರಡು ಪಕ್ಕಕ್ಕೂ ತೂಗುವ ಮೊಟ್ಟೆಯ ಚೀಲಗಳು.

ಇದು ಸೈಕ್ಲಾಪ್ಸ್. ಸಿಗಡಿ ಏಡಿಗಳ ದೂರದ ನಂಟನಾದ ಕೋಪೆಪಾಡ್ ಎಂಬ ಮಹಾಕುಲದಲ್ಲಿ ನಮ್ಮ ಕೆರೆ ಬಾವಿಗಳಿಗೆ ಸೇರಿದ ಒಂದು ಮನೆತನ. ಕೋಪೆಪಾಡ್ ಎಂಬ ಗ್ರೀಕ್ ಮೂಲದ ಹೆಸರಿಗೆ ದೋಣಿಯ ಹುಟ್ಟಿನಂತಹ ಕಾಲುಳ್ಳದ್ದು ಎಂದು ಅರ್ಥ. ಪಂಡಿತರು ಒಪ್ಪುವುದಾದರೆ ಅರಿತ್ರಪಾದಿ ಎನ್ನಬಹುದು, ನನ್ನ ನಾಲಗೆಗೆ ಹುಟ್ಟುಗಾಲಿ ಎಂಬುದೇ ಹಿತ. ಒಂಟಿಕಣ್ಣನ್ನು ಕಂಡು ಹದಿನೆಂಟನೆಯ ಶತಮಾನದ ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಒಟ್ಟೋ ಮ್ಯೂಲರನು ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರನ್ನು ಇದಕ್ಕೆ ಕೊಟ್ಟನು. ನಮ್ಮವರು ನಾಮಕರಣ ಮಾಡಿದ್ದರೆ ಶುಕ್ರಾಚಾರ್ಯನೆಂದು ಕರೆಯುತ್ತಿದ್ದರೋ ಏನೋ. ಬಲಿಯ ದಾನಜಲವನ್ನು ತಡೆಯಲು ಕಮಂಡಲುವಿನ ನಾಳದಲ್ಲಿ ಕಿರಿದಾಗಿ ಅಡಗಿ, ವಾಮನನ ದರ್ಭೆಯಿಂದ ಒಂದು ಕಣ್ಣನ್ನು ಕಳೆದುಕೊಂಡ ಆ ಗುರುವಿಗಿಂತ, ನೀರಿನ ಪಾತ್ರೆಯೊಳಗಿನ ಒಕ್ಕಣ್ಣನಿಗೆ ಒಪ್ಪುವ ಹೆಸರು ಬೇರೊಂದಿಲ್ಲ.

ನೀರನ್ನು ಬಟ್ಟೆಯಲ್ಲಿ ಗಾಳಿಸಿ ಕುಡಿಯುವುದು ನಮ್ಮ ನಾಡಿನಲ್ಲಿ ಹಳೆಯ ಪದ್ಧತಿ. ಜೈನರ ಮನೆಗಳಲ್ಲಿ ಅದು ಅಹಿಂಸಾವ್ರತದ ಅಂಗವೇ ಆಗಿದ್ದು, ಬಟ್ಟೆಯ ಮೇಲೆ ಉಳಿದ ಜೀವಗಳನ್ನು ನೀರಿಗೇ ಮರಳಿಸಬೇಕೆಂಬ ನಿಯಮವೂ ಉಂಟು. ಆ ಬಟ್ಟೆಯ ಮೇಲೆ ಉಳಿಯುತ್ತಿದ್ದವರಲ್ಲಿ ಮುಖ್ಯನು ಈ ಹುಟ್ಟುಗಾಲಿಯೇ. ನಾನು ಈ ಸಂಜೆ ಹೇಳಬೇಕೆಂದಿರುವುದೆಲ್ಲ ಒಂದು ಅರ್ಥದಲ್ಲಿ ಜರಡಿಯ ಕಥೆ. ಈ ಪ್ರಾಣಿಯನ್ನು ಮನುಷ್ಯನು ತಿಳಿದದ್ದೂ, ಇದಕ್ಕೆ ಹೆದರಿದ್ದೂ, ಮೀನು ತಿಮಿಂಗಿಲಗಳು ಇದರಿಂದ ಬದುಕುವುದೂ ಯಾವುದೋ ಒಂದು ಜರಡಿಯ ಮೂಲಕವೇ.

ಮೊದಲು ಹೆದರಿಕೆಯ ಸಂಗತಿ. ಉತ್ತರ ಕರ್ನಾಟಕದ ಬಯಲುಸೀಮೆಯ ಹಿರಿಯರಿಗೆ ನಾರುಹುಣ್ಣೆಂದರೆ ಏನೆಂದು ನಾನು ವಿವರಿಸಬೇಕಾಗಿಲ್ಲ. ಮೊಣಕಾಲಿನ ಕೆಳಗೆ ಉರಿಯುವ ಬೊಬ್ಬೆಯೊಂದೆದ್ದು, ಅದು ಒಡೆದಲ್ಲಿ ನೂಲಿನಂತಹ ಬಿಳಿಯ ಹುಳುವಿನ ತುದಿ ಕಾಣಿಸಿಕೊಳ್ಳುತ್ತದೆ. ಹುಳುವಿನ ಉದ್ದ ಎರಡು ಮೂರು ಅಡಿ. ಸೆಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲು ಕೀವುಗಟ್ಟುತ್ತದೆ. ಆದಕಾರಣ ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ, ವಾರಗಟ್ಟಲೆ ಹೊರಕ್ಕೆ ಎಳೆಯುತ್ತಿದ್ದರು. ಬಿತ್ತನೆಯ ಕಾಲದಲ್ಲಿ ರೈತನೊಬ್ಬನು ಹೀಗೆ ಕಾಲು ಚಾಚಿ ಕುಳಿತುಬಿಟ್ಟರೆ ಆ ವರ್ಷದ ಬೆಳೆ ಹೋದಂತೆಯೇ. ಉರಿಯನ್ನು ತಾಳಲಾರದೆ ಆತನು ಮೆಟ್ಟಿಲ ಬಾವಿಗಿಳಿದು ಕಾಲನ್ನು ತಣ್ಣೀರಿನಲ್ಲಿ ಇಟ್ಟನೆಂದರೆ, ಹುಳು ಕಾದಿದ್ದುದೂ ಅದಕ್ಕಾಗಿಯೇ. ಸಾವಿರಾರು ಮರಿಗಳನ್ನು ಅದು ನೀರಿಗೆ ಚೆಲ್ಲುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತದೆ. ತಿಂದದ್ದು ಅರಗುವುದಿಲ್ಲ, ಎರಡು ವಾರ ಅದರೊಳಗೇ ಬೆಳೆದು ಪಕ್ವವಾಗುತ್ತದೆ. ಕೊಡದ ನೀರಿನೊಡನೆ ಸೈಕ್ಲಾಪ್ಸನ್ನು ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಮಾತ್ರ ಕರುಳನ್ನು ತೂರಿ ಮೈಯೊಳಕ್ಕೆ ಇಳಿಯುತ್ತದೆ, ಸುಮಾರು ಒಂದು ವರ್ಷದ ತರುವಾಯ ಆತನ ಕಾಲಿನಲ್ಲಿ ಬೊಬ್ಬೆ ಏಳುತ್ತದೆ.

ಈ ಚಕ್ರದಲ್ಲಿ ಸೈಕ್ಲಾಪ್ಸಿನ ಪಾತ್ರವನ್ನು 1870ರ ಸುಮಾರಿಗೆ ಮಧ್ಯ ಏಷ್ಯಾದಲ್ಲಿ ಕಂಡುಹಿಡಿದವನು ಅಲೆಕ್ಸಿ ಫೆಡ್ಚೆಂಕೋ ಎಂಬ ರಷ್ಯದ ತರುಣ; ತುರ್ಕಿಸ್ತಾನದ ಮರುಭೂಮಿಗಳನ್ನು ದಾಟಿ ಬಂದ ಆತನು 1873ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮೃತನಾದನು. ಆತನು ತೋರಿಸಿಕೊಟ್ಟ ಸತ್ಯದಿಂದ ನಿಷ್ಪನ್ನವಾಗುವ ಉಪಾಯ ಅತ್ಯಂತ ಸರಳ: ನೀರನ್ನು ಸೋಸಿ ಕುಡಿಯಿರಿ, ಹುಣ್ಣಾದ ಕಾಲನ್ನು ಬಾವಿಗೆ ಇಳಿಸಬೇಡಿ. ಅಷ್ಟನ್ನು ಊರೂರಿಗೆ ಮುಟ್ಟಿಸುವುದಕ್ಕೆ ನೂರು ವರ್ಷವೇ ಹಿಡಿಯಿತು. 1980ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ಕೈಗೊಂಡ ನಿರ್ಮೂಲನ ಕಾರ್ಯಕ್ರಮದಲ್ಲಿ ಲಸಿಕೆಯಿರಲಿಲ್ಲ, ರೋಗವನ್ನು ಗುಣಪಡಿಸುವ ಮದ್ದಿರಲಿಲ್ಲ. ಇದ್ದದ್ದು ಸೋಸುಬಟ್ಟೆ, ಕೊಳವೆಬಾವಿ, ಬಾವಿಗೆ ಹಾಕುವ ಒಂದಿಷ್ಟು ಔಷಧ ಮತ್ತು ಮನೆಮನೆಗೆ ನಡೆದುಹೋದ ಆರೋಗ್ಯ ಕಾರ್ಯಕರ್ತರ ಕಾಲುಗಳು. ದೇಶದ ಕಡೆಯ ರೋಗಿ ಕಂಡುಬಂದದ್ದು 1996ರ ಜುಲೈ ತಿಂಗಳಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂದಿತು. ಸಿಡುಬು ಹೋದುದನ್ನು ಎಲ್ಲರೂ ನೆನೆಯುತ್ತಾರೆ. ಒಂದು ತುಂಡು ಬಟ್ಟೆ ಗೆದ್ದುಕೊಟ್ಟ ಈ ಯುದ್ಧವನ್ನು ನೆನೆಯುವವರು ಕಡಿಮೆ. ನಮ್ಮ ಪಠ್ಯಪುಸ್ತಕಗಳ ಕರ್ತೃಗಳು ಇದಕ್ಕೆ ಎರಡು ಪುಟಗಳನ್ನಾದರೂ ಮೀಸಲಿಡಬೇಕಾಗಿತ್ತೆಂಬುದು ನನ್ನ ಮತ.

ಬಟ್ಟೆಯ ಮಹಿಮೆ ಅಲ್ಲಿಗೇ ಮುಗಿಯಲಿಲ್ಲ. ಕಾಲರಾ ರೋಗದ ವಿಬ್ರಿಯೋ ಅಣುಜೀವಿ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವುದಕ್ಕಿಂತ ಹೆಚ್ಚಾಗಿ ಹುಟ್ಟುಗಾಲಿಗಳ ಕವಚಕ್ಕೂ ಮೊಟ್ಟೆಯ ಚೀಲಕ್ಕೂ ಸಾವಿರಾರು ಸಂಖ್ಯೆಯಲ್ಲಿ ಅಂಟಿಕೊಂಡಿರುತ್ತದೆ. ಬಟ್ಟೆಯ ಕಣ್ಣಿಗೆ ಅಣುಜೀವಿ ಸಿಗಲಾರದು, ಅದರ ವಾಹನ ಸಿಗುತ್ತದೆ. ರೀಟಾ ಕಾಲ್ವೆಲ್, ಅನ್ವರ್ ಹಕ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ, ಹಳೆಯ ಸೀರೆಯನ್ನು ನಾಲ್ಕು ಮಡಿಕೆಗಿಂತ ಕಡಿಮೆಯಾಗದಂತೆ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬುವಂತೆ ಹೆಂಗಸರಿಗೆ ಕಲಿಸಿದರು. ಕಾಲರಾ ಸುಮಾರು ಅರ್ಧಕ್ಕೆ, ಖಚಿತವಾಗಿ ಹೇಳುವುದಾದರೆ ಶೇಕಡಾ 48ರಷ್ಟು, ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಇದರಲ್ಲಿ ನನಗೆ ಬಹಳ ಪ್ರಿಯವಾದ ಅಂಶವೆಂದರೆ ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲು: ಒಗೆದು ಒಗೆದು ಎಳೆಗಳು ಸಡಿಲಿ ನವಿರೆದ್ದು, ನೇಯ್ಗೆಯ ಕಿಂಡಿಗಳು ಕಿರಿದಾಗಿರುತ್ತವೆ. ಅಜ್ಜಿಯ ಹಳೆಯ ಸೀರೆಗೆ ವಿಜ್ಞಾನವು ಇಷ್ಟು ದೊಡ್ಡ ಮರ್ಯಾದೆಯನ್ನು ಮತ್ತೆಲ್ಲಿಯೂ ಸಲ್ಲಿಸಿದಂತಿಲ್ಲ.

ಹಾಗೆಂದು ಸೋಸುವ ಚಿಂತೆ ಬಡವರ ಊರುಗಳದು ಮಾತ್ರವೆಂದು ಭಾವಿಸಬಾರದು. ನ್ಯೂಯಾರ್ಕ್ ನಗರಕ್ಕೆ ಬಹುತೇಕ ಸೋಸದೆಯೇ ಬರುವ ನಲ್ಲಿನೀರಿನಲ್ಲಿ 2004ರಲ್ಲಿ ಹುಟ್ಟುಗಾಲಿಗಳು ಕಂಡು, ಸಿಗಡಿಯ ಜಾತಿಯನ್ನು ತಿನ್ನಬಾರದೆಂಬ ವಿಧಿಯುಳ್ಳ ಯೆಹೂದ್ಯ ಶ್ರೋತ್ರಿಯರ ನಡುವೆ, ಆ ನೀರು ಗ್ರಾಹ್ಯವೋ ವರ್ಜ್ಯವೋ ಎಂಬ ದೊಡ್ಡ ಶಾಸ್ತ್ರಾರ್ಥವೇ ಎದ್ದಿತು. ಇನ್ನು ವಿಯೆಟ್ನಾಮಿನವರು ನೇರ ವಿರುದ್ಧದ ದಾರಿಯನ್ನು ಹಿಡಿದರು. ಮೀಸೋಸೈಕ್ಲಾಪ್ಸ್ ಎಂಬ ದೊಡ್ಡ ಜಾತಿಯನ್ನು ತಾವಾಗಿಯೇ ನೀರಿನ ತೊಟ್ಟಿಗಳಿಗೆ ಬಿಟ್ಟು, ಅದು ಈಡಿಸ್ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುವಂತೆ ಮಾಡಿ, ಎಷ್ಟೋ ಹಳ್ಳಿಗಳಿಂದ ಡೆಂಗಿಯ ಸೊಳ್ಳೆಯನ್ನು ಹೊರದೂಡಿದರು.

ವಿಜ್ಞಾನಿಗಳ ಸೋಸುಬಟ್ಟೆ ರೇಷ್ಮೆಯದು. ಹಿಟ್ಟನ್ನು ವಸ್ತ್ರಗಾಳಿತ ಮಾಡಲು ಗಿರಣಿಗಳವರು ಬಳಸುತ್ತಿದ್ದ ನಯವಾದ ರೇಷ್ಮೆಬಟ್ಟೆಯನ್ನು ಕೊಳವೆಯಾಗಿ ಹೊಲಿದು, ಹಡಗಿನ ಹಿಂದೆ ಕಟ್ಟಿ ಎಳೆದು, ತುದಿಯಲ್ಲಿ ಉಳಿದುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಹಾಗೆ ಉಳಿಯುವ, ಅಲೆಗಳ ವಶದಲ್ಲಿ ತೇಲುವ ಜೀವರಾಶಿಗೆ 1887ರಲ್ಲಿ ವಿಕ್ಟರ್ ಹೆನ್ಸೆನ್ ಪ್ಲಾಂಕ್ಟನ್ ಎಂದು ಹೆಸರಿಟ್ಟನು, ನಾವು ಪ್ಲವಕವೆನ್ನುತ್ತೇವೆ. 1960ರ ದಶಕದ ಪೂರ್ವಾರ್ಧದಲ್ಲಿ ಅನೇಕ ರಾಷ್ಟ್ರಗಳ ಹಡಗುಗಳು ಕೂಡಿ ಹಿಂದೂ ಮಹಾಸಾಗರವನ್ನು ಶೋಧಿಸಿದಾಗ, ಇನ್ನೂರು ಮೀಟರ್ ಆಳದಿಂದ ಮೇಲಕ್ಕೆ ಒಂದೇ ಬಗೆಯ ಬಲೆಯನ್ನು ಎಳೆದು ಸಂಗ್ರಹಿಸಿದ ಸೀಸೆಗಳು ಬಂದು ಸೇರಿದುದು ಕೊಚ್ಚಿಯಲ್ಲಿ. ಅಲ್ಲಿ ನಮ್ಮ ನಾಡಿನ ತರುಣ ತರುಣಿಯರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಅವನ್ನು ಜಾತಿವಾರು ಆರಿಸಿದರು. ಪ್ರಾಣಿಪ್ಲವಕದಲ್ಲಿ ಹುಟ್ಟುಗಾಲಿಗಳದೇ ಬಹುಸಂಖ್ಯೆ. ಇದುವರೆಗೆ ವರ್ಣಿತವಾಗಿರುವ ಪ್ರಭೇದಗಳು 13,000ಕ್ಕೂ ಮೇಲ್ಪಟ್ಟಿವೆ. ಸಮುದ್ರದ ತಳದ ಮರಳಿನಲ್ಲಿ, ಒದ್ದೆಯ ಪಾಚಿಯಲ್ಲಿ, ಮೀನುಗಳ ಕಿವಿರುಗಳಲ್ಲಿ ಪರಾವಲಂಬಿಗಳಾಗಿ, ಕಡೆಗೆ ತಿಮಿಂಗಿಲದ ಚರ್ಮದಲ್ಲಿಯೂ ಇವುಗಳ ಬಳಗವುಂಟು.

ಈ ಪ್ರಾಣಿಯ ಬಾಲ್ಯ ವಿದ್ವಾಂಸರನ್ನು ಬಹುಕಾಲ ಮೋಸಗೊಳಿಸಿತು. ಮೊಟ್ಟೆಯಿಂದ ಹೊರಬರುವ ಮರಿ ತಾಯಿಯನ್ನು ಯಾವ ರೀತಿಯಲ್ಲಿಯೂ ಹೋಲುವುದಿಲ್ಲ. ಮೂರು ಜೊತೆ ಅವಯವಗಳ, ಒಂಟಿಕಣ್ಣಿನ ಗುಂಡನೆಯ ಬೊಟ್ಟು ಅದು. ಅದನ್ನು ಬೇರೆಯೇ ಪ್ರಾಣಿಯೆಂದು ಬಗೆದ ಮ್ಯೂಲರನು ನಾಪ್ಲಿಯಸ್ ಎಂದು ಪ್ರತ್ಯೇಕ ಹೆಸರನ್ನು ಕೊಟ್ಟನು. ಇಂದಿಗೂ ಆ ಹೆಸರು ಶಿಶುವಿನ ಹೆಸರಾಗಿಯೇ ಉಳಿದಿದೆ. ಸೈಕ್ಲಾಪ್ಸಿನ ಮರಿಯನ್ನು ಲೇವನ್‌ಹುಕ್ ಅದಕ್ಕೂ ಮೊದಲೇ ಕಂಡಿದ್ದನಾದರೂ, ಮರಿ ಬೆಳೆದು ತಾಯಿಯಾಗುವ ಕ್ರಮವನ್ನು ತಾಳ್ಮೆಯಿಂದ ಕಾದು ನೋಡಿ ಬರೆದವನು ಜಿನೀವಾದ ವೈದ್ಯ ಲೂಯಿ ಜ್ಯೂರಿನ್, 1820ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ. ಕಿವಿಯನ್ನು ಮುಚ್ಚಿದರೆ ಬಾವಲಿ ಕತ್ತಲೆಯಲ್ಲಿ ದಾರಿ ತಪ್ಪುತ್ತದೆಂದು ತೋರಿಸಿದವನೂ ಈತನೇ. ಮರಿ ಆರು ನಾಪ್ಲಿಯಸ್ ಹಂತಗಳನ್ನು ಕಳೆದು, ಮತ್ತೆ ಐದು ಹಂತಗಳಲ್ಲಿ ತಾಯಿಯ ರೂಪಕ್ಕೆ ಹತ್ತಿರವಾಗುತ್ತ, ಹನ್ನೊಂದು ಬಾರಿ ಪೊರೆ ಕಳಚಿ ಪ್ರೌಢವಾಗುತ್ತದೆ. ಆಮೇಲೆ ಬೆಳವಣಿಗೆಯೂ ಇಲ್ಲ, ಪೊರೆ ಬಿಡುವುದೂ ಇಲ್ಲ.

ಈಗ ಜರಡಿಯ ಕಥೆಯ ತಿರುವು. ಕಡಲಿನ ಹುಟ್ಟುಗಾಲಿಯ ಬಾಯಿಯ ಬಳಿ ಬಾಚಣಿಗೆಯಂತಹ ಕೂದಲುಗಳಿಂದ ಕೂಡಿದ ಅವಯವಗಳಿವೆ. ಅವನ್ನು ಕಂಡವರೆಲ್ಲ, ಈ ಪ್ರಾಣಿಯು ನೀರನ್ನು ಜರಡಿಯಂತೆ ಸೋಸಿ ಸಸ್ಯಪ್ಲವಕದ ಕಣಗಳನ್ನು ತಿನ್ನುತ್ತದೆಂದು ತೀರ್ಮಾನಿಸಿ, ದಶಕಗಳ ಕಾಲ ಹಾಗೆಯೇ ಬೋಧಿಸಿದರು. 1981ರಲ್ಲಿ ಮಿಮಿ ಕೋಲ್ ಮತ್ತು ರೂಡಿ ಸ್ಟ್ರಿಕ್ಲರ್ ಎಂಬಿಬ್ಬರು ಪ್ರಕಟಿಸಿದ ಶೋಧನೆ ಆ ಮತವನ್ನು ತಲೆಕೆಳಗು ಮಾಡಿತು. ಪ್ರಾಣಿಯನ್ನು ಒಂದೆಡೆ ಕಟ್ಟಿ ನಿಲ್ಲಿಸಿ, ಅದರ ಬಾಯಿಯ ಬಳಿ ಬಣ್ಣದ ಸಣ್ಣ ಎಳೆಯನ್ನು ಹರಿಯಬಿಟ್ಟು, ಸೆಕೆಂಡಿಗೆ ನೂರಾರು ಚಿತ್ರಗಳಂತೆ ತೆಗೆದು ನಿಧಾನವಾಗಿ ಓಡಿಸಿ ನೋಡಿದಾಗ, ಬಣ್ಣದ ನೀರು ಆ ಬಾಚಣಿಗೆಯ ಹಲ್ಲುಗಳ ನಡುವೆ ತೂರಲಿಲ್ಲ, ಸುತ್ತಿ ಬಳಸಿ ಹೋಯಿತು. ಇದಕ್ಕೆ ಕಾರಣ ಗಾತ್ರ. ಅಷ್ಟು ಕಿರಿದಾದ ದೇಹಕ್ಕೆ ನೀರು ನಮಗಿರುವಂತೆ ತೆಳುವಲ್ಲ, ಜೋನಿಬೆಲ್ಲದಂತೆ ಮಂದ. ಜೋನಿಬೆಲ್ಲದಲ್ಲಿ ಬಾಚಣಿಗೆಯನ್ನು ಆಡಿಸಿದರೆ ಹಲ್ಲುಗಳ ನಡುವಣ ಸಂದು ಇದ್ದೂ ಇಲ್ಲದಂತೆ, ಬಾಚಣಿಗೆ ಸೌಟಾಗುತ್ತದೆ. ಹುಟ್ಟುಗಾಲಿ ಮಾಡುವುದೂ ಅದನ್ನೇ. ಸಣ್ಣದೊಂದು ಪ್ರವಾಹವನ್ನು ಎಬ್ಬಿಸಿ, ಆಹಾರದ ಕಣ ಹತ್ತಿರ ಬಂದುದನ್ನು ವಾಸನೆಯಿಂದಲೋ ಸ್ಪರ್ಶದಿಂದಲೋ ಅರಿತು, ಆ ಕಣವನ್ನು ಸುತ್ತಲಿನ ನೀರಿನ ಮುದ್ದೆಯೊಡನೆ ಎರಡು ಕೈಯಲ್ಲಿ ಬಾಚಿಕೊಂಡು, ನೀರನ್ನು ಹಿಂಡಿ ಹೊರಹಾಕಿ ಕಣವನ್ನು ನುಂಗುತ್ತದೆ. ಜಗತ್ತೆಲ್ಲ ಜರಡಿಯಿಂದ ಹಿಡಿದ ಪ್ರಾಣಿಯನ್ನು ಜರಡಿಯೆಂದೇ ಭಾವಿಸಿದೆವು; ಅದು ತುತ್ತು ಮಾಡಿ ಉಣ್ಣುವ ಪ್ರಾಣಿ.

ಇದೇ ಮಂದವಾದ ನೀರಿನಲ್ಲಿ ಅದರ ಜಿಗಿತವನ್ನು ನೆನೆದರೆ ಬೆರಗಾಗುತ್ತದೆ. ಶತ್ರುವಿನ ಬಾಯಿ ಎಬ್ಬಿಸಿದ ಅಲುಗಾಟ ಕುಡಿಮೀಸೆಗೆ ತಾಕಿದ ಕೆಲವೇ ಸಾವಿರದೊಂದು ಸೆಕೆಂಡುಗಳಲ್ಲಿ ಅದು ಜಿಗಿದಿರುತ್ತದೆ. ಆ ವೇಗ ಸೆಕೆಂಡಿಗೆ ತನ್ನ ದೇಹದ ಉದ್ದದ ನೂರಾರು ಪಟ್ಟು. ಓಟಕ್ಕೆ ಹೆಸರಾದ ಚೀತಾ ಈ ಲೆಕ್ಕದಲ್ಲಿ ಮೂವತ್ತನ್ನು ಮುಟ್ಟುವುದೂ ಕಷ್ಟ. ದಾಂಪತ್ಯದ ವಿಷಯದಲ್ಲಿ ಮಾತ್ರ ಗಂಡು ಅಷ್ಟು ಚತುರನಲ್ಲ: ಹೆಣ್ಣು ಈಜಿದ ದಾರಿಯಲ್ಲಿ ಉಳಿದ ವಾಸನೆಯ ಎಳೆಯನ್ನು ಹಿಡಿದು ಹೊರಡುವ ಕೆಲವು ಗಂಡುಗಳು, ಎಳೆ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆಯೆಂದು ತಿಳಿಯದೆ, ಆಕೆ ಬಂದ ದಿಕ್ಕಿಗೇ ಓಡಿ, ವಾಸನೆ ಮಾಸಿದ ಮೇಲೆ ತಪ್ಪನ್ನರಿತು ಹಿಂತಿರುಗಿ ಅಟ್ಟುತ್ತವೆ.

ಸಮುದ್ರದ ಹಸಿರು ಹೆಚ್ಚಾಗಿ ಕಣ್ಣಿಗೆ ಕಾಣದ ಏಕಕೋಶದ ಸಸ್ಯಪ್ಲವಕದಲ್ಲಿದೆ. ಬಹುಪಾಲು ಮೀನುಗಳಿಗೆ ಆ ಹುಲ್ಲು ನೇರವಾಗಿ ದಕ್ಕದಷ್ಟು ಸಣ್ಣದು. ನಡುವೆ ನಿಂತು, ಹುಲ್ಲನ್ನು ತಿಂದು ತಾನೇ ತುತ್ತಿನ ಗಾತ್ರದ ಆಹಾರವಾಗುವ ಒಬ್ಬ ಮಧ್ಯಸ್ಥ ಬೇಕು, ಆ ಮಧ್ಯಸ್ಥನೇ ಹುಟ್ಟುಗಾಲಿ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಬೋಟುಗಳು ಜೂನ್ ಒಂದರಿಂದ ಎರಡು ತಿಂಗಳು ದಡ ಸೇರಿರುವಾಗ, ಆಳದ ತಣ್ಣೀರು ಲವಣಗಳೊಡನೆ ಮೇಲೆದ್ದು, ಪ್ಲವಕದ ಬೆಳೆ ಹುಲುಸಾಗುತ್ತದೆ. ಕಿವಿರಿನ ಒಳಗಿರುವ ಬಾಚಣಿಗೆಯ ಜರಡಿಯಿಂದ ಬಂಗುಡೆ ಹುಟ್ಟುಗಾಲಿಗಳನ್ನು ಸೋಸಿ ತಿಂದು ಕೊಬ್ಬುತ್ತದೆ. ಮಂಗಳೂರಿನ ಊಟದ ಎಲೆಯ ಮೇಲಿನ ಬಂಗುಡೆಯ ಪುಳಿಮುಂಚಿಯಲ್ಲಿ ಎಷ್ಟು ಹುಟ್ಟುಗಾಲಿಗಳ ಜೀವಮಾನ ಅಡಗಿದೆಯೆಂಬುದನ್ನು ಉಣ್ಣುವವರು ಎಣಿಸಬೇಕಾಗಿಲ್ಲ, ಅಡಗಿರುವುದನ್ನು ಬಲ್ಲರೆ ಸಾಕು. ಉತ್ತರ ಅಟ್ಲಾಂಟಿಕಿನಲ್ಲಿ ಈ ಸ್ಥಾನ ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಂಬ ಪ್ರಭೇದದ್ದು. ನಾರ್ವೆಯ ಗುನ್ನೆರಸ್ ಎಂಬ ಬಿಷಪನು 1770ರಲ್ಲಿ ವರ್ಣಿಸಿದ ಆ ಪ್ರಾಣಿಯನ್ನು ತಿಂದು ಹೆರಿಂಗ್ ಮೀನು ಬೆಳೆಯುತ್ತದೆ. ಬಾಯಿಯಲ್ಲಿ ಹಲ್ಲಿನ ಬದಲು ಜಾಲರಿ ಹೊತ್ತ ರೈಟ್ ತಿಮಿಂಗಿಲವು ಗಸಗಸೆಯಂತಹ ಪ್ರಾಣಿಯನ್ನು ಸೋಸಿಯೇ ಆನೆಗಳ ಹಿಂಡಿಗೆ ಸಮನಾದ ತನ್ನ ಮೈಯನ್ನು ಪೋಷಿಸುತ್ತದೆ. ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ನಿಲಯದ ಶೀನಾ ಮಾರ್ಷಲ್ ಎಂಬ ವಿದುಷಿ ತನ್ನ ಸಹೋದ್ಯೋಗಿ ಆರ್ ಅವರೊಡನೆ ಈ ಒಂದೇ ಪ್ರಾಣಿಯ ಅಧ್ಯಯನಕ್ಕೆ ದಶಕಗಳನ್ನು ಸವೆಸಿ, 1955ರಲ್ಲಿ ಇಡೀ ಒಂದು ಗ್ರಂಥವನ್ನೇ ಹೊರತಂದರು.

ಈ ಕ್ಯಾಲನಸ್ ಬೇಸಗೆಯಲ್ಲಿ ಉಂಡುದನ್ನು ಎಣ್ಣೆಯಾಗಿ ಮಾರ್ಪಡಿಸಿ ಮೈಯೊಳಗಿನ ಒಂದು ಚೀಲದಲ್ಲಿ ತುಂಬಿಕೊಳ್ಳುತ್ತದೆ. ಗಾಜಿನಂತಹ ದೇಹದ ಒಳಗೆ ಆ ಎಣ್ಣೆ, ಲಾಟೀನಿನ ಬುರುಡೆಯಲ್ಲಿ ಕಾಣುವಂತೆ, ಹೊರಗಿನಿಂದಲೇ ಕಾಣುತ್ತದೆ. ಚಳಿಗಾಲ ಬರುವ ಮುನ್ನ ಅದು ನೂರಾರು ಮೀಟರ್, ಕೆಲವೆಡೆ ಸಾವಿರ ಮೀಟರಿಗೂ ಕೆಳಗೆ ಇಳಿದು, ಕತ್ತಲೆಯಲ್ಲಿ ಉಣ್ಣದೆ ಚಲಿಸದೆ ತಿಂಗಳುಗಟ್ಟಲೆ ಕಳೆಯುತ್ತದೆ. ಆ ಕಾಲದಲ್ಲಿ ಉರಿದ ಎಣ್ಣೆಯ ಇಂಗಾಲ ಆಳದ ನೀರಿನಲ್ಲಿಯೇ ಉಳಿಯುವುದರಿಂದ ಬಹುಕಾಲ ವಾಯುಮಂಡಲಕ್ಕೆ ಮರಳುವುದಿಲ್ಲ. ಸಿಗ್ರುನ್ ಯೋನಾಸ್‌ಡೋಟಿರ್ ಮತ್ತು ಸಂಗಡಿಗರು 2015ರಲ್ಲಿ ಲೆಕ್ಕಹಾಕಿ ತೋರಿಸಿದಂತೆ, ಈ ಒಂದು ಪ್ರಭೇದವು ಹೀಗೆ ಇಳಿಸುವ ಇಂಗಾಲ, ಆ ಕಡಲಿನಲ್ಲಿ ಕಸ ಕಡ್ಡಿ ಹಿಕ್ಕೆಗಳಾಗಿ ಮುಳುಗುವ ಇಂಗಾಲದ ಒಟ್ಟು ಮೊತ್ತಕ್ಕೆ ಸರಿದೂಗುತ್ತದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಇಂತಹ ದೀರ್ಘನಿದ್ರೆಗಿಂತ ದಿನದಿನದ ಓಡಾಟ ಗಮನಾರ್ಹ. ಅಲ್ಲಿ ನೂರೈವತ್ತು ಮೀಟರಿನಿಂದ ಕೆಳಗೆ ಆಮ್ಲಜನಕ ಬಹುಮಟ್ಟಿಗೆ ಬರಿದಾದ ಒಂದು ಗಾಢವಾದ ಪದರವಿದೆ. ಪ್ಲೂರೋಮಾಮ ಇಂಡಿಕ ಎಂಬ ಹುಟ್ಟುಗಾಲಿ ಹಗಲೆಲ್ಲ, ಹೆಚ್ಚಿನ ಮೀನುಗಳು ಉಸಿರಾಡಲಾರದ ಆ ಪದರದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಮೇಲೆದ್ದು ಬಂದು ಉಣ್ಣುತ್ತದೆ. ಆಪತ್ತಿನಲ್ಲಿ ಮಿಂಚುವ ಬೆಳಕೂ ಅದರ ಬಳಿಯುಂಟು.

ಕಡೆಯ ಮಾತು ಮತ್ತೊಂದು ರೇಷ್ಮೆಯ ಪಟ್ಟಿಯದು. ಅಲಿಸ್ಟರ್ ಹಾರ್ಡಿ ಎಂಬ ಇಂಗ್ಲಿಷ್ ವಿಜ್ಞಾನಿ, ಸರಕಿನ ಹಡಗುಗಳು ತಮ್ಮ ಪಾಡಿಗೆ ತಾವು ಹೋಗುತ್ತಿರುವಾಗಲೇ ಹಿಂದೆ ಎಳೆದೊಯ್ಯಬಹುದಾದ ಒಂದು ಪೆಟ್ಟಿಗೆಯನ್ನು ರಚಿಸಿದನು. ಅದರೊಳಗೆ ರೇಷ್ಮೆಯ ಪಟ್ಟಿ ಮೆಲ್ಲನೆ ಸುತ್ತಿಕೊಳ್ಳುತ್ತ, ದಾರಿಯುದ್ದಕ್ಕೂ ಸಿಕ್ಕ ಪ್ಲವಕವನ್ನು ಕಾಗದದ ಸುರುಳಿಯ ಮೇಲಿನ ಬರಹದಂತೆ ಉಳಿಸಿಕೊಳ್ಳುತ್ತದೆ. ಸರಕಿನ ಹಡಗುಗಳು 1931ರಿಂದ ಮೊದಲ್ಗೊಂಡು, ಯುದ್ಧಕಾಲದ ಬಿಡುವನ್ನುಳಿದು, ಇಂದಿನವರೆಗೂ ಅದನ್ನು ಎಳೆಯುತ್ತಲೇ ಇವೆ. ಆ ಸುರುಳಿಗಳನ್ನು ಓದಿದ ಗ್ರೆಗರಿ ಬೋಗ್ರಾಂ ಮೊದಲಾದವರು, ಬಿಸಿನೀರಿನ ಹುಟ್ಟುಗಾಲಿಗಳು ಈಶಾನ್ಯ ಅಟ್ಲಾಂಟಿಕಿನಲ್ಲಿ ನಾಲ್ಕು ದಶಕಗಳಲ್ಲಿ ಹತ್ತು ಅಕ್ಷಾಂಶಗಳಷ್ಟು ಉತ್ತರಕ್ಕೆ ಸರಿದಿವೆಯೆಂದೂ, ತಣ್ಣೀರಿನವು ಹಿಮ್ಮೆಟ್ಟುತ್ತಿವೆಯೆಂದೂ 2002ರಲ್ಲಿ ಸಾರಿದರು. ಹತ್ತು ಅಕ್ಷಾಂಶವೆಂದರೆ ಬೀದರದಿಂದ ಕನ್ಯಾಕುಮಾರಿಯವರೆಗಿನ ದೂರ. ಅಮೆರಿಕದ ಈಶಾನ್ಯ ತೀರದ ಕೊಲ್ಲಿ ಬಿಸಿಯೇರಿ ಕ್ಯಾಲನಸ್ ಕಡಿಮೆಯಾದಾಗ, ಅದನ್ನು ಅರಸಿ ರೈಟ್ ತಿಮಿಂಗಿಲಗಳು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅವುಗಳ ರಕ್ಷಣೆಗೆಂದು ಹಡಗಿನ ವೇಗಮಿತಿ ಇನ್ನೂ ಇರದಿದ್ದ ಆ ನೀರಿನಲ್ಲಿ 2017ರ ಒಂದೇ ವರ್ಷದಲ್ಲಿ ಹನ್ನೆರಡು ತಿಮಿಂಗಿಲಗಳು, ಹಲವು ಹಡಗು ತಾಕಿ, ಕೆಲವು ಏಡಿಬಲೆಯ ಹಗ್ಗಕ್ಕೆ ಸಿಕ್ಕಿ, ಸತ್ತವು. ಲೋಕದಲ್ಲಿ ಈಗ ಉಳಿದಿರುವ ಉತ್ತರ ಅಟ್ಲಾಂಟಿಕಿನ ಆ ರೈಟ್ ತಿಮಿಂಗಿಲಗಳ ಸಂಖ್ಯೆ ನಾಲ್ಕು ನೂರಕ್ಕಿಂತ ಕಡಿಮೆ.

ನಮ್ಮ ಕೆರೆಗಳ ಹುಟ್ಟುಗಾಲಿಗಳಿಗೆ ಅಂತಹ ಸುರುಳಿಯ ಇತಿಹಾಸವಿಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅವುಗಳಲ್ಲಿ ಕೆಲವು ಕೆಸರಿನಲ್ಲಿ ಮೊಟ್ಟೆಗಳಾಗಿಯೋ, ಕೆಲವು ಅರೆಬೆಳೆದ ಮರಿಗಳಾಗಿಯೋ ಮಲಗಿದ್ದು ಮಳೆಗೆ ಏಳುತ್ತವೆ. ಅಮೆರಿಕದ ಒಂದು ಕೊಳದ ಹೂಳಿನಲ್ಲಿ ಮುನ್ನೂರು ವರ್ಷಗಳ ಹಿಂದಿನ ಮೊಟ್ಟೆಗಳು ಪ್ರಯೋಗಶಾಲೆಯಲ್ಲಿ ಒಡೆದು ಮರಿಯಾದುದುಂಟು. ಹೂಳೆತ್ತುವವರಿಗೆ ನನ್ನದೊಂದು ಬಿನ್ನಹ: ಕೆರೆಯ ಹೂಳನ್ನು ಒಮ್ಮೆಗೇ ಪೂರ್ತಿ ಬಗೆದು ಸಾಗಿಸದೆ, ಜೊಂಡಿನ ಪಕ್ಕದ ಒಂದು ಮೂಲೆಯನ್ನಾದರೂ ಹಾಗೆಯೇ ಬಿಡಿ.

ಸಭೆ ಮುಗಿದ ಮೇಲೆ ಅರ್ಧ ಗಂಟೆ ಈ ಭರಣಿ ಇಲ್ಲಿಯೇ ಇರುತ್ತದೆ, ಭೂತಗನ್ನಡಿಯೂ ಇರುತ್ತದೆ. ಮಕ್ಕಳು ಮೊದಲು ಬರಲಿ, ದೊಡ್ಡವರು ಆಮೇಲೆ. ಕತ್ತಲಾಗುವ ಮುನ್ನ ಇದನ್ನು ತೂಬಿನ ಬಳಿಗೆ ಒಯ್ದು ಕೆರೆಗೇ ಸುರಿದು ಬರಬೇಕಾಗಿದೆ.